ಅಳತೆಗೋಲಿಗೂ ಪರೀಕ್ಷೆ ಬೇಕು

ಸಂತೆಯಲ್ಲಿ ಅಕ್ಕಿ ಕೊಳ್ಳುವವನು ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಾನೆ; ನುಚ್ಚೆಷ್ಟು, ಕಲ್ಲೆಷ್ಟು ಎಂದು ಪರಿಶೀಲಿಸುತ್ತಾನೆ; ಬೆಲೆಯ ವಿಷಯದಲ್ಲಿ ಬಹುಹೊತ್ತು ಚೌಕಾಶಿ ಮಾಡುತ್ತಾನೆ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವ ತೂಕದ ಕಲ್ಲನ್ನು ಕೈಗೆತ್ತಿಕೊಂಡು, ಇದರ ತೂಕ ಸರಿಯಾಗಿದೆಯೇ ಎಂದು ಕೇಳುವವರು ವಿರಳ. ಅಳೆಯಬೇಕಾದ ವಸ್ತುವಿನ ಮೇಲೆ ಸಂಶಯ, ಅಳೆಯುವ ಸಾಧನದ ಮೇಲೆ ಅಚಲವಾದ ವಿಶ್ವಾಸ: ಇದು ಲೋಕದ ರೂಢಿ. ಸಂತೆಗೆ ಮಾತ್ರ ಸೀಮಿತವಾಗಿದ್ದರೆ ಈ ರೂಢಿಯಿಂದ ಆಗುವ ನಷ್ಟ ಅಲ್ಪವಾದುದು. ಮನುಷ್ಯನ ಆರೋಗ್ಯವನ್ನು ಕುರಿತ ಶಾಸ್ತ್ರವನ್ನೂ ಅದು ಪ್ರವೇಶಿಸಿದರೆ ಆಗುವ ಅನರ್ಥ ದೊಡ್ಡದು. ಮಧುಮೇಹದ ಸಂಶೋಧನೆಯಲ್ಲಿ ಬಹುಕಾಲ ನಡೆದುಬಂದಿರುವ ಒಂದು ಪದ್ಧತಿ ಇದಕ್ಕೆ ನಿದರ್ಶನವಾಗಿದೆ.

ಅಳತೆಗೋಲು ತಾನೇ ಬದಲಾಗಬಹುದೆಂಬುದು ಕೇವಲ ಕಲ್ಪನೆಯಲ್ಲ. 1889ರಿಂದ ಪ್ಯಾರಿಸ್ ನಗರದ ಬಳಿ ಭದ್ರವಾಗಿ ಕಾಪಾಡಿಕೊಂಡು ಬಂದ ಪ್ಲಾಟಿನಂ ಮತ್ತು ಇರಿಡಿಯಂ ಮಿಶ್ರಲೋಹದ ಒಂದು ಉರುಳೆಯೇ ಜಗತ್ತಿಗೆಲ್ಲ ಕಿಲೋಗ್ರಾಮಿನ ಮೂಲ ಮಾನದಂಡವಾಗಿತ್ತು. ಅದರ ಅಧಿಕೃತ ಪ್ರತಿಕೃತಿಗಳೊಡನೆ ಹೋಲಿಸಿ ನೋಡಿದಾಗ, ಸುಮಾರು ಒಂದು ಶತಮಾನದ ಅವಧಿಯಲ್ಲಿ ಅವುಗಳ ನಡುವೆ 50 ಮೈಕ್ರೋಗ್ರಾಮುಗಳಷ್ಟು ಅಂತರ ಬೆಳೆದಿರುವುದು ತಿಳಿದುಬಂತು. ಮೂಲವು ಹಗುರವಾಯಿತೋ ಪ್ರತಿಕೃತಿಗಳು ಭಾರವಾದುವೋ ಎಂಬುದನ್ನು ಹೇಳಲು ಬೇರೊಂದು ಆಧಾರವೇ ಇರಲಿಲ್ಲ. ಕಟ್ಟಕಡೆಗೆ 2019ರ ಮೇ 20ರಿಂದ ಆ ಲೋಹದ ಉರುಳೆಗೆ ವಿಶ್ರಾಂತಿಯನ್ನು ನೀಡಿ, ಪ್ಲಾಂಕ್ ಸ್ಥಿರಾಂಕವೆಂಬ ನಿಸರ್ಗದ ನಿಯತ ಸಂಖ್ಯೆಯನ್ನೇ ಕಿಲೋಗ್ರಾಮಿಗೆ ಆಧಾರವಾಗಿ ಇರಿಸಲಾಯಿತು. ಗಾಜಿನ ಗಂಟೆಗಳೊಳಗೆ ಮುಚ್ಚಿಟ್ಟ ಜಡಲೋಹದ ಪಾಡೇ ಹೀಗಾದರೆ, ಜೀವಕೋಶದೊಳಗೆ ಕ್ಷಣಕ್ಷಣವೂ ಪರಿವರ್ತನೆಗೆ ಒಳಗಾಗುವ ವಸ್ತುವನ್ನು ಮಾನದಂಡವಾಗಿ ಆರಿಸಿಕೊಂಡವರು ಎಷ್ಟು ಎಚ್ಚರದಿಂದಿರಬೇಕು!

ಮಧುಮೇಹವು ಭರತಖಂಡಕ್ಕೆ ಹೊಸತಾದ ವ್ಯಾಧಿಯಲ್ಲ. ಚರಕ ಸುಶ್ರುತ ಸಂಹಿತೆಗಳು ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ, ಮಧುಮೇಹವನ್ನು ಅವುಗಳಲ್ಲಿ ಒಂದಾಗಿ ಗಣಿಸಿವೆ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಪ್ರಾಚೀನ ವೈದ್ಯರು ಗಮನಿಸಿದ್ದರು. ಅಂದು ವಿರಳವಾಗಿದ್ದ ಈ ರೋಗ ಇಂದು ಮನೆಮನೆಯ ಮಾತಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 10.1 ಕೋಟಿ ಜನ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಕಣ್ಣು, ಮೂತ್ರಪಿಂಡ, ನರ, ಹೃದಯಗಳನ್ನು ಕ್ರಮಕ್ರಮವಾಗಿ ಕೊರೆಯುವ ಈ ವ್ಯಾಧಿಯ ಮೂಲವನ್ನರಿಯಲು ಜಗತ್ತಿನ ಪ್ರಯೋಗಶಾಲೆಗಳಲ್ಲಿ ಸಾವಿರಾರು ಜನ ಹಗಲಿರುಳು ಶ್ರಮಿಸುತ್ತಿರುವುದು ಸಹಜವೇ ಆಗಿದೆ.

ಅವರ ಶ್ರಮದ ಒಂದು ಮುಖ್ಯ ಮಾರ್ಗ ವಂಶವಾಹಿಗಳ ಅಭಿವ್ಯಕ್ತಿಯ ಅಧ್ಯಯನ. ದೇಹದ ಹೆಚ್ಚುಕಡಮೆ ಪ್ರತಿಯೊಂದು ಜೀವಕೋಶದಲ್ಲಿಯೂ ವಂಶವಾಹಿಗಳೆಂಬ ಗ್ರಂಥಭಂಡಾರ ಒಂದೇ ಆಗಿರುತ್ತದೆ. ಆದರೆ ಯಾವ ಕೋಶ ಯಾವ ಹೊತ್ತಿನಲ್ಲಿ ಯಾವ ಗ್ರಂಥವನ್ನು ತೆರೆದು ಎಷ್ಟು ಪ್ರತಿಗಳನ್ನು ಬರೆಸಿಕೊಳ್ಳುತ್ತದೆ ಎಂಬುದರಲ್ಲಿ ಭೇದವಿದೆ. ಈ ಪ್ರತಿಗಳಿಗೆ ಸಂದೇಶವಾಹಕ ಆರ್‌ಎನ್‌ಎ ಎಂದು ಹೆಸರು. ಆರೋಗ್ಯವಂತನ ಸ್ನಾಯುವಿನಲ್ಲಿ ಒಂದು ವಂಶವಾಹಿಯ ಪ್ರತಿಗಳು ಎಷ್ಟಿವೆ, ಮಧುಮೇಹಿಯ ಸ್ನಾಯುವಿನಲ್ಲಿ ಎಷ್ಟಿವೆ ಎಂದು ಎಣಿಸಿ ಹೋಲಿಸಿದರೆ, ರೋಗವು ದೇಹದ ಯಾವ ವ್ಯವಹಾರವನ್ನು ಕೆಡಿಸಿದೆ ಎಂಬುದರ ಸುಳಿವು ಸಿಗುತ್ತದೆ.

ಈ ಎಣಿಕೆಗೆ ಬಳಕೆಯಾಗುವ ಸಾಧನದ ಹೆಸರು 2020ರ ಕೋವಿಡ್ ಕಾಲದಲ್ಲಿ ಹಳ್ಳಿಹಳ್ಳಿಗೂ ಪರಿಚಿತವಾಯಿತು. ಅದೇ ಆರ್‌ಟಿ-ಪಿಸಿಆರ್. ಇದರ ಮೂಲತತ್ತ್ವವನ್ನು 1983ರಲ್ಲಿ ಕಂಡುಕೊಂಡ ಅಮೆರಿಕದ ಕ್ಯಾರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮೊದಲು ಆರ್‌ಎನ್‌ಎಯನ್ನು ಡಿಎನ್‌ಎ ರೂಪಕ್ಕೆ ತಿರುಗಿಸಿ, ಬಳಿಕ ಅದನ್ನು ಆವರ್ತನದಿಂದ ಆವರ್ತನಕ್ಕೆ ಇಮ್ಮಡಿಗೊಳಿಸುತ್ತ ಹೋಗುವುದು ಇದರ ಕ್ರಮ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಬೆಳೆದು ಯಂತ್ರದ ಕಣ್ಣಿಗೆ ಕಾಣುವಷ್ಟಾಗಲು ಎಷ್ಟು ಆವರ್ತನಗಳು ಬೇಕಾದುವೆಂಬುದನ್ನು ಗುರುತಿಸುತ್ತಾರೆ. ಬೇಗ ಕಂಡರೆ ಮೊದಲಿದ್ದ ಪ್ರತಿಗಳು ಹೆಚ್ಚು. ತಡವಾಗಿ ಕಂಡರೆ ಕಡಿಮೆ. ಒಂದು ಆವರ್ತನದ ವ್ಯತ್ಯಾಸವೆಂದರೆ ಸ್ಥೂಲವಾಗಿ ಇಮ್ಮಡಿಯ ವ್ಯತ್ಯಾಸ.

ಆದರೆ ಇಲ್ಲೊಂದು ತೊಡಕು ಎದುರಾಗುತ್ತದೆ. ಒಬ್ಬ ರೋಗಿಯಿಂದ ತೆಗೆದ ಅಂಗಾಂಶದ ಚೂರು ತುಸು ದೊಡ್ಡದಿರಬಹುದು, ಇನ್ನೊಬ್ಬನದು ಚಿಕ್ಕದಿರಬಹುದು. ಆರ್‌ಎನ್‌ಎಯನ್ನು ಬೇರ್ಪಡಿಸುವಾಗ ಒಂದರಲ್ಲಿ ಹೆಚ್ಚು ದೊರೆತು ಇನ್ನೊಂದರಲ್ಲಿ ಅರ್ಧ ಹಾಳಾಗಿರಬಹುದು. ಈ ಏರುಪೇರುಗಳನ್ನು ಕಳೆಯಲು ಪ್ರತಿಯೊಂದು ಮಾದರಿಯಲ್ಲಿಯೂ ಏರದೆ ಇಳಿಯದೆ ಒಂದೇ ಸಮನಾಗಿರುವ ಬೇರೊಂದು ವಂಶವಾಹಿಯನ್ನು ಜೊತೆಗೇ ಅಳೆದು, ಅದಕ್ಕೆ ಹೋಲಿಸಿ ಫಲಿತಾಂಶವನ್ನು ಹೇಳುವುದು ವಾಡಿಕೆ. ಅದೇ ಆಧಾರ ವಂಶವಾಹಿ. ಸಂಗೀತ ಕಛೇರಿಯಲ್ಲಿ ತಂಬೂರಿ ಹೇಗೋ ಹಾಗೆ: ಗಾಯಕನ ಸ್ವರ ಏರಿತೋ ಇಳಿಯಿತೋ ಎಂಬ ನಿರ್ಣಯ ತಂಬೂರಿಯ ಶ್ರುತಿಯನ್ನು ಅವಲಂಬಿಸಿದೆ. ತಂಬೂರಿಯ ತಂತಿಯೇ ಸಡಿಲಿದರೆ, ಸರಿಯಾಗಿ ಹಾಡಿದವನ ಮೇಲೆ ಅಪಸ್ವರದ ಆರೋಪ ಬರುತ್ತದೆ.

ಈ ಆರೋಪ ಲೆಕ್ಕದಲ್ಲಿ ಹೇಗೆ ಮೂಡುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಆರೋಗ್ಯವಂತನ ಮಾದರಿಯಲ್ಲಿ ಅಧ್ಯಯನದ ವಂಶವಾಹಿ 26ನೆಯ ಆವರ್ತನದಲ್ಲಿಯೂ ಆಧಾರ ವಂಶವಾಹಿ 18ನೆಯ ಆವರ್ತನದಲ್ಲಿಯೂ ಕಂಡುವೆನ್ನೋಣ, ಅಂತರ 8. ಮಧುಮೇಹಿಯ ಮಾದರಿಯಲ್ಲಿಯೂ ಅಧ್ಯಯನದ ವಂಶವಾಹಿ 26ರಲ್ಲಿಯೇ ಕಂಡಿತು. ಅದರಲ್ಲಿ ಯಾವ ಬದಲಾವಣೆಯೂ ಇಲ್ಲ. ಆದರೆ ರೋಗದ ಕಾರಣದಿಂದ ಆಧಾರ ವಂಶವಾಹಿಯ ಪ್ರತಿಗಳು ಅರ್ಧಕ್ಕಿಳಿದು, ಅದು 19ರಲ್ಲಿ ಕಂಡಿತು. ಅಂತರ 7ಕ್ಕೆ ಇಳಿಯಿತು. ಲೆಕ್ಕದ ಸೂತ್ರ ಏನು ಹೇಳುತ್ತದೆ? ಮಧುಮೇಹದಲ್ಲಿ ಈ ವಂಶವಾಹಿಯ ಅಭಿವ್ಯಕ್ತಿ ಇಮ್ಮಡಿಯಾಗಿದೆ ಎಂದು! ವಾಸ್ತವದಲ್ಲಿ ಯಾವುದೂ ಇಮ್ಮಡಿಯಾಗಿಲ್ಲ. ಕೋಲು ಅರ್ಧವಾಗಿದೆ, ಅಷ್ಟೆ. ಇದರ ವಿಪರೀತವೂ ಸಂಭವಿಸಬಹುದು. ಔಷಧವೊಂದು ಅಧ್ಯಯನದ ವಂಶವಾಹಿಯನ್ನೂ ಆಧಾರ ವಂಶವಾಹಿಯನ್ನೂ ಒಟ್ಟಿಗೆ ಇಮ್ಮಡಿಗೊಳಿಸಿದರೆ, ಔಷಧದಿಂದ ಯಾವ ಪರಿಣಾಮವೂ ಇಲ್ಲವೆಂಬ ತೀರ್ಮಾನ ಹೊರಬೀಳುತ್ತದೆ. ಯಂತ್ರ ಸರಿಯಾಗಿದೆ, ಗಣಿತ ಸರಿಯಾಗಿದೆ, ಸಂಶೋಧಕನು ಪ್ರಾಮಾಣಿಕನಾಗಿದ್ದಾನೆ. ಆದರೂ ಸಿದ್ಧಾಂತ ಸುಳ್ಳು. ತರ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಹೇತ್ವಾಭಾಸ: ಹೇತುವಿನಂತೆ ತೋರುವುದು, ಹೇತುವಲ್ಲದ್ದು.

ಸಂಶೋಧಕರು ಬಹುಕಾಲದಿಂದ ಆಧಾರವಾಗಿ ಆರಿಸಿಕೊಂಡು ಬಂದ ವಂಶವಾಹಿಗಳಲ್ಲಿ ಜಿಎಪಿಡಿಎಚ್ ಎಂಬುದು ಅಗ್ರಗಣ್ಯ. ಕೋಶದ ನಿತ್ಯದ ಮನೆವಾರ್ತೆಯನ್ನು ನೋಡಿಕೊಳ್ಳುವ ವಂಶವಾಹಿಯಾದ್ದರಿಂದ ಅದು ಎಲ್ಲೆಡೆಯೂ ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರುತ್ತದೆ ಎಂಬುದು ಈ ಆಯ್ಕೆಗೆ ಕೊಟ್ಟ ಸಮಾಧಾನ. ಆದರೆ ಆ ಮನೆವಾರ್ತೆ ಯಾವುದು? ಸಕ್ಕರೆಯನ್ನು ಒಡೆದು ಶಕ್ತಿಯನ್ನು ಪಡೆಯುವ ಹತ್ತು ಹಂತಗಳ ಕ್ರಿಯೆಯಲ್ಲಿ ಆರನೆಯ ಹಂತವನ್ನು ನಡೆಸುವ ಕಿಣ್ವವನ್ನು ಸಿದ್ಧಪಡಿಸುವುದೇ ಅದರ ಕೆಲಸ. ಮಧುಮೇಹವಾದರೋ ಸಕ್ಕರೆಯ ವ್ಯವಹಾರವೇ ಕೆಟ್ಟಿರುವ ರೋಗ. ಸಕ್ಕರೆಯ ಊಳಿಗದಲ್ಲಿಯೇ ಇರುವವನನ್ನು ಸಕ್ಕರೆಯ ವ್ಯಾಜ್ಯದಲ್ಲಿ ತಟಸ್ಥ ಸಾಕ್ಷಿಯೆಂದು ಕರೆತರುವುದು ಯಾವ ನ್ಯಾಯ?

ಇದು ಬರಿಯ ಊಹೆಯಲ್ಲ. ಮೇದೋಕೋಶಗಳಿಗೆ ಇನ್ಸುಲಿನ್ ನೀಡಿದಾಗ ಜಿಎಪಿಡಿಎಚ್‌ನ ಸಂದೇಶವಾಹಕ ಪ್ರತಿಗಳು ಹೆಚ್ಚುತ್ತವೆಂಬುದನ್ನು ಅಮೆರಿಕದ ಸಂಶೋಧಕರು 1985ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಪ್ರಾಣವಾಯುವಿನ ಕೊರತೆಯುಂಟಾದಾಗಲೂ ಈ ಪ್ರತಿಗಳು ಏರುತ್ತವೆ; ಮಧುಮೇಹಿಯ ಕಣ್ಣಿನ ಅಕ್ಷಿಪಟದಲ್ಲಿ, ಮಾಯದ ಕಾಲಿನ ಹುಣ್ಣಿನಲ್ಲಿ ಆಗುವುದು ಇಂಥ ಕೊರತೆಯೇ. ಅಮೆರಿಕದ ಮಧುಮೇಹ ತಜ್ಞ ಮೈಕೆಲ್ ಬ್ರೌನ್‌ಲೀ ಅವರು 2001ರಲ್ಲಿ ಮಂಡಿಸಿದ ವಾದದಲ್ಲಂತೂ ಈ ಕಿಣ್ವಕ್ಕೆ ನಡುಮನೆಯ ಸ್ಥಾನವಿದೆ. ರಕ್ತನಾಳಗಳ ಒಳಪದರದ ಕೋಶಗಳಲ್ಲಿ ಸಕ್ಕರೆ ಮಿತಿಮೀರಿದಾಗ ಜಿಎಪಿಡಿಎಚ್ ಕಿಣ್ವದ ಚಟುವಟಿಕೆ ಕುಗ್ಗಿ, ಅದರ ಹಿಂದಿನ ಹಂತಗಳಲ್ಲಿ ಪದಾರ್ಥಗಳು ಕಟ್ಟೆಯೊಡೆದ ನೀರಿನಂತೆ ಅಡ್ಡದಾರಿಗಳನ್ನು ಹಿಡಿದು ಹಾನಿಯುಂಟುಮಾಡುತ್ತವೆ ಎಂಬುದು ಆ ವಾದದ ಸಾರ. ಕಿಣ್ವದ ಚಟುವಟಿಕೆ ಬೇರೆ, ಸಂದೇಶವಾಹಕ ಪ್ರತಿಗಳ ಎಣಿಕೆ ಬೇರೆ ಎಂಬ ವಿವೇಕ ಇಲ್ಲಿ ಅವಶ್ಯಕ; ಒಂದು ಕುಗ್ಗಿದ ಮಾತ್ರಕ್ಕೆ ಇನ್ನೊಂದೂ ಕುಗ್ಗಬೇಕೆಂದಿಲ್ಲ. ಆದರೂ ರೋಗದ ಕಥೆಯಲ್ಲಿ ತಾನೇ ಪಾತ್ರಧಾರಿಯಾಗಿರುವ ವಸ್ತುವನ್ನು ಪರೀಕ್ಷೆಯಿಲ್ಲದೆ ಪ್ರೇಕ್ಷಕರ ಸಾಲಿನಲ್ಲಿ ಕೂರಿಸುವುದು ಸಲ್ಲದು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದಂತಿದೆ.

ಜಿಎಪಿಡಿಎಚ್ ಒಂದನ್ನು ಕೈಬಿಟ್ಟರೆ ಸಾಕೆಂದು ಭಾವಿಸುವಂತಿಲ್ಲ. ಬೀಟಾ ಆಕ್ಟಿನ್ ಎಂಬುದು ಕೋಶದ ಒಳಗಂಬಗಳನ್ನು ಕಟ್ಟುವ ವಂಶವಾಹಿ. ಕೋಶವು ಬೆಳೆದಾಗ, ಆಕಾರ ಬದಲಿಸಿದಾಗ ಅದೂ ಬದಲಾಗುತ್ತದೆ. 18ಎಸ್ ಎಂಬ ರೈಬೋಸೋಮ್ ಆರ್‌ಎನ್‌ಎ ವಿಪುಲವಾಗಿದೆ. ಕೋಶದ ಒಟ್ಟು ಆರ್‌ಎನ್‌ಎಯಲ್ಲಿ ಬಹುಪಾಲು ಇಂಥ ರೈಬೋಸೋಮ್ ಆರ್‌ಎನ್‌ಎಯೇ. ಆದರೆ ಆ ವಿಪುಲತೆಯೇ ಅದರ ದೋಷ. ಬಂಗಾರದ ಗುಲಗಂಜಿಯನ್ನು ಮೂಟೆ ತೂಗುವ ಕಲ್ಲಿನೊಡನೆ ತಕ್ಕಡಿಗೆ ಹಾಕಿದಂತಾಗುತ್ತದೆ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬುದು ದೇಹದ ರಕ್ಷಣಾವ್ಯವಸ್ಥೆಗೆ ಸೇರಿದುದು. ಉರಿಯೂತವಿರುವೆಡೆ ಅದನ್ನು ಸ್ಥಿರವೆಂದು ನಂಬುವುದು ಕಷ್ಟ. ಹೀಗೆ ಹುಟ್ಟಿನಿಂದಲೇ ಆಧಾರವಾಗುವ ಯೋಗ್ಯತೆಯನ್ನು ಪಡೆದು ಬಂದ ವಂಶವಾಹಿ ಯಾವುದೂ ಇಲ್ಲ.

ಅಂಗಾಂಶದ ಸ್ವರೂಪವೂ ಈ ತೊಡಕನ್ನು ಹೆಚ್ಚಿಸುತ್ತದೆ. ಒಂದು ಅಗುಳನ್ನು ಹಿಸುಕಿ ಇಡೀ ಗಡಿಗೆಯ ಅನ್ನ ಬೆಂದಿದೆಯೆಂದು ತಿಳಿಯುವ ಸ್ಥಾಲೀಪುಲಾಕ ನ್ಯಾಯ, ಗಡಿಗೆಯಲ್ಲಿ ಒಂದೇ ಬಗೆಯ ಅಕ್ಕಿಯಿದ್ದಾಗ ಮಾತ್ರ ಸಲ್ಲುತ್ತದೆ. ಸ್ಥೂಲಕಾಯದ ಮಧುಮೇಹಿಯ ಮೇದಸ್ಸಿನಲ್ಲಿ ಮೇದೋಕೋಶಗಳ ಜೊತೆಗೆ ರಕ್ಷಣಾಕೋಶಗಳೂ ಬಂದು ಸೇರಿರುತ್ತವೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳ ಸಂಖ್ಯೆಯೇ ಇಳಿದಿರಬಹುದು. ಅಲ್ಲಿ ಅಳೆಯುವವನು ಕೋಶದ ವರ್ತನೆಯ ಬದಲಾವಣೆಯೆಂದು ಬರೆದುಕೊಳ್ಳುವುದು ನಿಜವಾಗಿ ಕೋಶಗಳ ಜನಗಣತಿಯ ಬದಲಾವಣೆಯಾಗಿರಬಹುದು. ಆದಕಾರಣ ಸ್ನಾಯುವಿನಲ್ಲಿ ಸ್ಥಿರವೆಂದು ಕಂಡ ಆಧಾರ ಮೇದಸ್ಸಿಗೂ, ಇಲಿಯಲ್ಲಿ ಸ್ಥಿರವೆಂದು ಕಂಡದ್ದು ಮನುಷ್ಯನಿಗೂ ಸಲ್ಲುವುದೆಂದು ಹೇಳಲು ಬಾರದು. ಯಾವ ಅಂಗಾಂಶ, ಯಾವ ರೋಗಾವಸ್ಥೆ, ಯಾವ ಚಿಕಿತ್ಸೆ ಎಂಬುದನ್ನು ನೋಡಿ, ಆಯಾ ಸ್ಥಳದಲ್ಲಿಯೇ ಮಾನದಂಡವನ್ನು ಪರೀಕ್ಷಿಸಬೇಕು.

ಪ್ರಮಾಣವು ಸ್ವತಃ ಪ್ರಮಾಣವೋ, ಇಲ್ಲವೆ ಪರತಃ ಪ್ರಮಾಣವೋ ಎಂಬ ಚರ್ಚೆ ಭಾರತೀಯ ದರ್ಶನಗಳಲ್ಲಿ ಶತಮಾನಗಳ ಕಾಲ ನಡೆದಿದೆ. ಜ್ಞಾನದ ಪ್ರಾಮಾಣ್ಯಕ್ಕೆ ಬೇರೊಂದರ ಅಪೇಕ್ಷೆಯಿಲ್ಲವೆಂದು ಮೀಮಾಂಸಕರು ವಾದಿಸಿದರೆ, ಬೇರೆ ಸಾಧನದಿಂದ ಅದನ್ನು ಸ್ಥಾಪಿಸಬೇಕೆಂದು ನೈಯಾಯಿಕರು ಹೇಳಿದರು. ವೇದಾಂತದ ವಿಷಯ ಹೇಗೇ ಇರಲಿ, ಪ್ರಯೋಗಶಾಲೆಯಲ್ಲಿ ನೈಯಾಯಿಕರ ಪಕ್ಷವೇ ಗ್ರಾಹ್ಯ. ಆದರೆ ಆ ಪಕ್ಷಕ್ಕೆ ಅಂದಿನಿಂದಲೂ ಒಡ್ಡುತ್ತ ಬಂದಿರುವ ಆಕ್ಷೇಪವೊಂದಿದೆ: ಕೋಲನ್ನು ಅಳೆಯಲು ಇನ್ನೊಂದು ಕೋಲು, ಅದನ್ನು ಅಳೆಯಲು ಮತ್ತೊಂದು ಎಂದು ಹೋದರೆ ಅನವಸ್ಥಾ ದೋಷ ಬರುವುದಿಲ್ಲವೇ?

ಇದಕ್ಕೆ ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾಲಯದ ಯೋ ವಾಂಡೆಸೊಂಪೆಲೆ ಮತ್ತು ಸಂಗಡಿಗರು 2002ರಲ್ಲಿ ಒಂದು ಉತ್ತರವನ್ನು ಕಂಡುಕೊಂಡರು. ವಾಡಿಕೆಯ ಹತ್ತು ವಂಶವಾಹಿಗಳನ್ನು ಹಲವು ಅಂಗಾಂಶಗಳಲ್ಲಿ ಅಳೆದು, ಪ್ರತಿಯೊಂದನ್ನೂ ಉಳಿದೆಲ್ಲವುಗಳೊಡನೆ ಜೋಡಿಜೋಡಿಯಾಗಿ ಹೋಲಿಸಿ, ಯಾವುವು ಪರಸ್ಪರ ಅನುಪಾತವನ್ನು ಕೆಡಿಸದೆ ಉಳಿದುಕೊಳ್ಳುತ್ತವೆಂದು ಅವರು ಪರಿಶೀಲಿಸಿದರು. ಒಂದೇ ವಂಶವಾಹಿಯನ್ನು ನಂಬಿದರೆ ಗಣನೀಯ ಸಂಖ್ಯೆಯ ಮಾದರಿಗಳಲ್ಲಿ ದೊಡ್ಡ ದೋಷಗಳು ಉಂಟಾಗುತ್ತವೆಂಬುದು ಅವರ ಪರೀಕ್ಷೆಯಿಂದ ಸ್ಪಷ್ಟವಾಯಿತು. ಸ್ಥಿರವಾಗಿ ಕಂಡ ಕನಿಷ್ಠ ಮೂರು ವಂಶವಾಹಿಗಳ ಗುಣೋತ್ತರ ಸರಾಸರಿಯನ್ನು ಆಧಾರವಾಗಿ ಇಟ್ಟುಕೊಳ್ಳಬೇಕೆಂದು ಅವರು ಸೂಚಿಸಿದರು. ಜಿನಾರ್ಮ್ ಎಂದು ಹೆಸರಾದ ಕ್ರಮ ಇದೇ.

ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಈ ಮಾರ್ಗ ಹೊಸದೆನಿಸದು. ಕವಿಯ ಸ್ವಹಸ್ತಪ್ರತಿ ದೊರೆಯದಿದ್ದಾಗ ಸಂಪಾದಕನು ಒಂದೇ ಓಲೆಗರಿಯನ್ನು ನಂಬಿ ಕೂರುವುದಿಲ್ಲ. ದೊರೆತ ಪ್ರತಿಗಳನ್ನೆಲ್ಲ ಹರವಿಕೊಂಡು, ಪಾಠಾಂತರಗಳನ್ನು ಹೋಲಿಸಿ, ಶುದ್ಧಪಾಠವನ್ನು ನಿರ್ಣಯಿಸುತ್ತಾನೆ. ಅಲ್ಲಿರುವ ಅಪಾಯವೂ ಇಲ್ಲಿ ಇದೆ. ಒಂದೇ ಮಾತೃಕೆಯಿಂದ ನಕಲಾದ ಎರಡು ಓಲೆಗಳು ತಪ್ಪಿನಲ್ಲಿಯೂ ಒಮ್ಮತವನ್ನು ತೋರುತ್ತವೆ. ಅವು ಎರಡಾದರೂ ಸಾಕ್ಷಿ ಒಂದೇ. ಹಾಗೆಯೇ ಒಂದೇ ನಿಯಂತ್ರಣಕ್ಕೆ ಒಳಪಟ್ಟ ಎರಡು ವಂಶವಾಹಿಗಳು ಜೊತೆಜೊತೆಯಾಗಿ ಏರಿ ಇಳಿದು, ಸ್ಥಿರವಾಗಿವೆಯೆಂಬ ಭ್ರಮೆಯನ್ನು ಹುಟ್ಟಿಸಬಲ್ಲವು. 2004ರಲ್ಲಿ ಡೆನ್ಮಾರ್ಕಿನ ಸಂಶೋಧಕರು ರೂಪಿಸಿದ ನಾರ್ಮ್‌ಫೈಂಡರ್ ಎಂಬ ಕ್ರಮ, ರೋಗಿಗಳ ಗುಂಪು ಮತ್ತು ಆರೋಗ್ಯವಂತರ ಗುಂಪುಗಳ ನಡುವಣ ಅಂತರವನ್ನು ಬೇರೆಯಾಗಿ ಎಣಿಸಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಭಿನ್ನ ಭಿನ್ನ ಕಾರ್ಯಗಳ ವಂಶವಾಹಿಗಳನ್ನು ಪರೀಕ್ಷೆಗೆ ಆರಿಸಿಕೊಳ್ಳಬೇಕೆಂಬ ಸೂಚನೆಯ ತಿರುಳೂ ಇದೇ ಆಗಿದೆ.

2009ರಲ್ಲಿ ಸ್ಟೀಫನ್ ಬುಸ್ಟಿನ್ ಮತ್ತು ಸಹೋದ್ಯೋಗಿಗಳು ಈ ಬಗೆಯ ಪ್ರಯೋಗಗಳ ವರದಿಯಲ್ಲಿ ಇರಲೇಬೇಕಾದ ಸಂಗತಿಗಳನ್ನು ಮಿಕ್ ಎಂಬ ನಿಯಮಾವಳಿಯಾಗಿ ಪ್ರಕಟಿಸಿದರು. ಒಂದೇ ಆಧಾರ ವಂಶವಾಹಿಯನ್ನು ಬಳಸುವವರು ಆ ಪ್ರಯೋಗದ ಸನ್ನಿವೇಶದಲ್ಲಿಯೇ ಅದರ ಸ್ಥಿರತೆಗೆ ಪುರಾವೆಯನ್ನು ಒದಗಿಸತಕ್ಕದ್ದು ಎಂಬುದು ಅದರ ಒಂದು ವಿಧಿ. 2025ರಲ್ಲಿ ಆ ನಿಯಮಾವಳಿಯ ಪರಿಷ್ಕೃತ ರೂಪವೂ ಬಂದಿದೆ. ಹೀಗಿದ್ದೂ ಒಂದೇ ವಂಶವಾಹಿಯನ್ನು, ಅದೂ ಪರೀಕ್ಷಿಸದೆ, ಆಧಾರವಾಗಿ ಹಿಡಿದ ಬರಹಗಳು ಇಂದಿಗೂ ನಿಂತಿಲ್ಲ. ಹಿಂದಿನವರು ನಡೆದರೆಂದು ಮುಂದಿನವರೂ ನಡೆಯುವ ಗತಾನುಗತಿಕತೆ ವಿದ್ವಾಂಸರನ್ನೂ ಬಿಟ್ಟಿಲ್ಲ.

ಇದರ ವಿರುದ್ಧ ಕೇಳಿಬರುವ ಸಮಾಧಾನಗಳು ಮುಖ್ಯವಾಗಿ ಮೂರು. ಎಲ್ಲರೂ ಬಳಸುವ ಆಧಾರವನ್ನೇ ಬಳಸಿದರೆ ಹಳೆಯ ಫಲಿತಾಂಶಗಳೊಡನೆ ಹೋಲಿಸಲು ಅನುಕೂಲವೆಂಬುದು ಮೊದಲನೆಯದು. ಎಲ್ಲರ ಗಡಿಯಾರವೂ ತಪ್ಪಾಗಿದ್ದರೆ ಅವರ ಒಮ್ಮತದಿಂದ ಸೂರ್ಯೋದಯದ ವೇಳೆ ಬದಲಾಗದು. ಹೊಸ ತಂತ್ರಗಳು ಬಂದಿರುವಾಗ ಈ ಚಿಂತೆ ಏತಕ್ಕೆಂಬುದು ಎರಡನೆಯದು. ಸಾವಿರಾರು ವಂಶವಾಹಿಗಳನ್ನು ಒಮ್ಮೆಗೇ ಓದುವ ವಿಧಾನಗಳು ಬಂದಿರುವುದು ನಿಜ. ಆದರೆ ಅಲ್ಲಿಯೂ ಮಾದರಿಗಳ ನಡುವಣ ಏರುಪೇರನ್ನು ಸರಿಗೊಳಿಸಲು ಒಂದಿಲ್ಲೊಂದು ಆಧಾರವನ್ನು ಅಂಗೀಕರಿಸಲೇಬೇಕು, ಅಲ್ಲಿ ಕಂಡುದನ್ನು ದೃಢಪಡಿಸಲು ಮರಳಿ ಪಿಸಿಆರ್ ಕಡೆಗೇ ಬರುವುದು ವಾಡಿಕೆ.

ಮೂರನೆಯ ಸಮಾಧಾನ ಹಣದ್ದು. ಅದನ್ನು ಸಹಾನುಭೂತಿಯಿಂದ ಕೇಳಬೇಕು. ಎಂಟು ಹತ್ತು ವಂಶವಾಹಿಗಳನ್ನು ಮೊದಲು ಪರೀಕ್ಷಿಸಿ, ಅವುಗಳಲ್ಲಿ ಎರಡು ಮೂರನ್ನು ಆರಿಸಿಕೊಳ್ಳಲು ಸಮಯವೂ ರಾಸಾಯನಿಕಗಳೂ ಬೇಕು. ಚಿಕ್ಕ ಪ್ರಯೋಗಶಾಲೆಗೆ ಅದು ಹೊರೆಯೇ ಸರಿ. ಆದರೆ ಈ ಪರೀಕ್ಷೆಯನ್ನು ಕೆಲವೇ ಮಾದರಿಗಳಲ್ಲಿ ಮೊದಲಿಗೆ ಮಾಡಿದರೆ ಸಾಕು. ಅದನ್ನು ಮಾಡದೆ ವರ್ಷಗಟ್ಟಲೆ ತಪ್ಪು ದಾರಿಯಲ್ಲಿ ನಡೆದರೆ ತೆರಬೇಕಾದ ಬೆಲೆ ಬಹುಪಾಲು ಹೆಚ್ಚಿನದು. ಆ ಬೆಲೆಯಲ್ಲಿ ರೋಗಿಯ ಪಾಲೂ ಇದೆ. ತನ್ನ ತೊಡೆಯ ಸ್ನಾಯುವಿನಿಂದ ಸೂಜಿಯ ಮೂಲಕ ಒಂದು ಚೂರನ್ನು ತೆಗೆಯಲು ಒಪ್ಪಿಕೊಂಡವನು ಮಾಡಿದ ದಾನ ಸಣ್ಣದಲ್ಲ. ಆ ದಾನವನ್ನು ಪರೀಕ್ಷಿಸದ ಕೋಲಿನಿಂದ ಅಳೆಯುವುದು ಅವನಿಗೆ ಎಸಗಿದ ಅಗೌರವ.

ದಾನಿಗಳೂ ಸಂಸ್ಥೆಗಳನ್ನು ನಡೆಸುವವರೂ ಯೋಚಿಸಬೇಕಾದುದು ಇಲ್ಲಿಯೇ. ಯಂತ್ರವನ್ನು ಕೊಡಿಸಿದವರ ಹೆಸರು ಶಿಲಾಫಲಕದ ಮೇಲೆ ಬರುತ್ತದೆ. ಕಟ್ಟಡವನ್ನು ಕಟ್ಟಿಸಿದವರ ಭಾವಚಿತ್ರ ಗೋಡೆಯನ್ನೇರುತ್ತದೆ. ಆ ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡುವ ಕೆಲಸಕ್ಕೆ ದ್ರವ್ಯವನ್ನು ನೀಡಿದವರ ಹೆಸರು ಎಲ್ಲಿಯೂ ಕೆತ್ತಿದಂತೆ ಕಾಣದು. ಕಣ್ಣಿಗೆ ಕಾಣುವ ಫಲಕ್ಕೆ ಸಿಗುವ ಮನ್ನಣೆ, ಕಣ್ಣಿಗೆ ಕಾಣದ ಶುದ್ಧಿಗೆ ಸಿಗದಿರುವುದು ವಿಷಾದದ ಸಂಗತಿ. ಸಂಶೋಧನೆಗೆ ನೆರವಾಗುವವರು ಏನನ್ನು ಕಂಡುಹಿಡಿದಿರಿ ಎಂದು ಕೇಳುವ ಮೊದಲು, ಯಾವುದರಿಂದ ಅಳೆದಿರಿ, ಅದನ್ನು ಹೇಗೆ ಪರೀಕ್ಷಿಸಿದಿರಿ ಎಂದು ಕೇಳುವುದು ಉಚಿತ. ಆ ಪರೀಕ್ಷೆಯ ವೆಚ್ಚವನ್ನು ದಾನದ ಒಂದು ಅಂಗವೆಂದೇ ಭಾವಿಸಿ ಎತ್ತಿಡುವುದು ಇನ್ನೂ ಉಚಿತ.

ಉಪಾಧ್ಯಾಯರ ಹೊಣೆ ಇದಕ್ಕಿಂತ ಹಿಂದೆಯೇ ಆರಂಭವಾಗುತ್ತದೆ. ಪ್ರೌಢಶಾಲೆಯ ವಿಜ್ಞಾನದ ಕೋಣೆಯಲ್ಲಿ ವಂಶವಾಹಿಗಳ ಪ್ರಯೋಗ ನಡೆಯಲಾರದು. ಆದರೆ ಅಲ್ಲಿ ತಕ್ಕಡಿಯಿದೆ, ಉಷ್ಣಮಾಪಕವಿದೆ, ಅಡಿಗೋಲಿದೆ. ಕರಗುವ ಮಂಜುಗಡ್ಡೆಯಲ್ಲಿ ಉಷ್ಣಮಾಪಕವನ್ನಿಟ್ಟು ಅದು ಸೊನ್ನೆಯನ್ನು ತೋರುವುದೇ ಎಂದು ಮೊದಲು ನೋಡಿ, ಆಮೇಲೆ ಪ್ರಯೋಗಕ್ಕೆ ಕೈಯಿಡುವ ಅಭ್ಯಾಸವನ್ನು ಹದಿಮೂರು ವರ್ಷದ ಬಾಲಕನಿಗೆ ಮಾಡಿಸಬಹುದು. ಉತ್ತರ ಪುಸ್ತಕದಲ್ಲಿರುವಂತೆ ಬರಲಿಲ್ಲವೆಂದು ಅಂಕಿಗಳನ್ನು ತಿದ್ದುವ ವಿದ್ಯಾರ್ಥಿಯನ್ನು ಗದರಿಸುವುದರ ಜೊತೆಗೆ, ಉಪಕರಣವನ್ನು ಸಂಶಯಿಸಿ ಪ್ರಶ್ನೆ ಕೇಳಿದವನ ಬೆನ್ನು ತಟ್ಟಲೂಬಹುದು. ಈ ಅಭ್ಯಾಸದಲ್ಲಿ ಬೆಳೆದ ಬಾಲಕ ಮುಂದೆ ದೊಡ್ಡ ಪ್ರಯೋಗಶಾಲೆಯನ್ನು ಸೇರಿದಾಗ, ಗುರುಗಳು ಇದನ್ನೇ ಬಳಸುತ್ತಿದ್ದರೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಮಾನದಂಡವಾಗಿ ಸ್ವೀಕರಿಸನು. ಅದು ಗುರುದ್ರೋಹವೂ ಆಗದು. ಪರೀಕ್ಷಿಸಿ ಸ್ವೀಕರಿಸಿದ ಶಿಷ್ಯನಿಂದಲೇ ಗುರುವಿನ ವಿದ್ಯೆಗೆ ದೀರ್ಘಾಯುಸ್ಸು.

ಮಧುಮೇಹದ ಮೂಲ ಎಂದಾದರೊಂದು ದಿನ ಪೂರ್ಣವಾಗಿ ಬೆಳಕಿಗೆ ಬರಬಹುದು. ಆ ದಿನವನ್ನು ಹತ್ತಿರಕ್ಕೆ ತರುವವರಲ್ಲಿ ಹೊಸ ಔಷಧವನ್ನು ಕಂಡುಹಿಡಿದವರ ಹೆಸರು ಮೊದಲು ಕೇಳಿಬರುವುದು ಸಹಜ. ಆದರೆ ಹತ್ತು ವಂಶವಾಹಿಗಳನ್ನು ತಾಳ್ಮೆಯಿಂದ ಅಳೆದು, ಏಳನ್ನು ತಳ್ಳಿ ಮೂರನ್ನು ಉಳಿಸಿಕೊಂಡು, ಇಂಥ ಅಂಗಾಂಶಕ್ಕೆ ಇವೇ ನಂಬಿಕೆಗೆ ಅರ್ಹವಾದುವೆಂದು ಎರಡು ಪುಟಗಳ ಟಿಪ್ಪಣಿಯನ್ನು ಬರೆದಿಟ್ಟವನ ಪಾಲೂ ಅದರಲ್ಲಿ ಇರುತ್ತದೆ. ಅಂಥವನನ್ನು ಗುರುತಿಸಿ ಗೌರವಿಸುವ ಬುದ್ಧಿ ವಿದ್ಯಾಸಂಸ್ಥೆಗಳಲ್ಲಿಯೂ, ಅವುಗಳನ್ನು ಪೋಷಿಸುವ ಉದಾರ ಹೃದಯಗಳಲ್ಲಿಯೂ ನೆಲೆಗೊಳ್ಳಲಿ.